ನಳಿಗೆಯ ಎರಡು ತುದಿ

ಕೆಲವು ವರ್ಷಗಳ ಕೆಳಗೆ ವೀರಗಲ್ಲುಗಳನ್ನು ನೋಡಲೆಂದು ಹಾನಗಲ್ಲ ತಾಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ಮಧ್ಯಾಹ್ನದ ಬಿಸಿಲಿಗೆ ದಣಿದು ಒಂದು ಹಳೆಯ ಮನೆಯ ಪಡಸಾಲೆಯಲ್ಲಿ ಕುಳಿತಿದ್ದೆ. ಒಳಗೆ ಒಲೆಯ ಮುಂದೆ ವೃದ್ಧೆಯೊಬ್ಬರು ಕಬ್ಬಿಣದ ಊದುಗೊಳವೆಯಿಂದ ಬೆಂಕಿ ಊದುತ್ತಿದ್ದರು. ಊದುಗೊಳವೆ ಯಾರ ಮನೆಯಲ್ಲಿಯಾದರೂ ಇರತಕ್ಕದ್ದೇ. ಆದರೆ ಇದು ಒಂದು ಮೊಳಕ್ಕೂ ಉದ್ದವಾಗಿತ್ತು. ಹೊರಮೈಯನ್ನು ಎಂಟು ಪಟ್ಟಿಯಾಗಿ ತಿದ್ದಲಾಗಿತ್ತು. ತುದಿಯಲ್ಲಿ ತಾವರೆಯ ಎಸಳಿನಂತಹ ಒಂದು ಕಟ್ಟು ಇತ್ತು. ಅವರು ಚಹಾ ತಂದುಕೊಟ್ಟಾಗ ಕೇಳಿದೆ:

“ಯವ್ವಾ, ಈ ಕೊಳವಿ ಎಲ್ಲಿದು?”

“ಇದಾ? ತುಬಾಕಿ ಅಲ್ಲೇನ್ರೀ ಸಾಹೇಬ್ರ! ನಮ್ಮತ್ತಿ ಹೇಳತಿದ್ರು, ಅವರ ಮಾವನ ಅಜ್ಜನ ಕಾಲದಾಗ ಮಾಳಗಿ ತೊಲಿ ಸಂದ್ಯಾಗ ಮುಚ್ಚಿಟ್ಟಿದ್ರಂತ. ಕಟಿಗಿ ಎಲ್ಲಾ ಹುಳಾ ತಿಂದು ಹೋಗಿತ್ತು. ಕಮ್ಮಾರ ಅದನ್ನ ತುಂಡ ಮಾಡಿ ಕೊಟ್ಟ. ಊದಾಕ ಛಲೋ ಆತು.”

“ಯಾಕ ಮುಚ್ಚಿಟ್ಟಿದ್ರಂತ?”

“ಸರಕಾರದವರು ಒಯ್ತಾರಂತ.”

“ಯಾವ ಸರಕಾರದವರು?”

“ಯಾವುದರ ಇರಲಿ, ಸರಕಾರ ಸರಕಾರನ ಅಲ್ಲೇನ್ರೀ?”

ಅವರ ಈ ಉತ್ತರಕ್ಕೆ ಅಂದು ನಕ್ಕೆ. ಮುಂದೆ ಯೋಚಿಸಿದಂತೆಲ್ಲ ಆ ನಾಲ್ಕು ಮಾತಿನಲ್ಲಿ ಈ ಸೀಮೆಯ ಎರಡು ನೂರು ವರ್ಷಗಳ ಚರಿತ್ರೆಯೇ ಅಡಗಿದೆಯೆನಿಸಿತು. ಹಳೆಯ ಕೋವಿಗಳನ್ನು ಅವುಗಳ ಐತಿಹಾಸಿಕ ಸ್ವಾರಸ್ಯಕ್ಕಾಗಿ ಸಂಗ್ರಹಿಸುವುದೆಂದರೇನು, ಅಂಥ ಸಂಗ್ರಹದಲ್ಲಿ ನಾವು ನಿಜವಾಗಿ ಕೂಡಿಡಬೇಕಾದುದು ಯಾವುದು ಎಂಬುದನ್ನು ಆ ಊದುಗೊಳವೆಯ ನೆಪದಿಂದ ಇಂದು ನಿಮ್ಮ ಮುಂದೆ ವಿಚಾರಿಸಬೇಕೆಂದಿದ್ದೇನೆ.

ನಾಣ್ಯ, ಓಲೆಗರಿ, ತಾಮ್ರಪಟಗಳನ್ನು ಕೂಡಿಸುವವರನ್ನು ನಾವು ವಿದ್ವಾಂಸರೆಂದು ಗೌರವಿಸುತ್ತೇವೆ. ಕೋವಿಯನ್ನು ಕೂಡಿಸುವವನನ್ನು ಕಂಡರೆ ಮಾತ್ರ ಮನಸ್ಸು ಸ್ವಲ್ಪ ಹಿಂಜರಿಯುತ್ತದೆ. ಕೊಲ್ಲುವುದಕ್ಕೆಂದೇ ಹುಟ್ಟಿದ ವಸ್ತುವಿನಲ್ಲಿ ಸೌಂದರ್ಯವನ್ನು ಕಾಣುವುದು ಸರಿಯೆ ಎಂಬ ಸಂಶಯ ಸಹಜವಾದುದು. ಆ ಸಂಶಯವನ್ನು ತಳ್ಳಿಹಾಕುವುದು ನನ್ನ ಉದ್ದೇಶವಲ್ಲ. ಅದನ್ನು ಜೊತೆಯಲ್ಲಿಟ್ಟುಕೊಂಡೇ ಮುಂದುವರಿಯೋಣ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ಹಿಂದೆ ಧಾರವಾಡ ಜಿಲ್ಲೆಯಲ್ಲಿದ್ದು 1997ರಲ್ಲಿ ಹಾವೇರಿ ಜಿಲ್ಲೆಗೆ ಸೇರಿದವು. ಮಲೆನಾಡು ಇಳಿದು ಬಯಲಾಗುವ ಸೆರಗು ಇದು. ಘಟ್ಟದ ದಾರಿಯನ್ನೂ ತುಂಗಭದ್ರೆಯ ಕಡವುಗಳನ್ನೂ ಹಿಡಿಯಬೇಕೆಂಬ ಪ್ರತಿಯೊಬ್ಬ ಅರಸನೂ ಈ ನೆಲವನ್ನು ತುಳಿಯದೆ ಹೋದುದಿಲ್ಲ. 1196ರಲ್ಲಿ ಹೊಯ್ಸಳ ವೀರಬಲ್ಲಾಳನು ಆನೆಕೆರೆಯ ಬಳಿ ಬೀಡುಬಿಟ್ಟು ಹಾನಗಲ್ಲನ್ನು ಮುತ್ತಿದಾಗ ಕದಂಬ ಕಾಮದೇವನ ದಂಡನಾಯಕ ಸೋಹಣಿ ಹೋರಾಡಿ ಮಡಿದನು. ಆ ಕಾಲದ ವೀರಗಲ್ಲುಗಳಲ್ಲಿ ಕಾಣುವುದು ಬಿಲ್ಲು, ಬಾಣ, ಕತ್ತಿ, ಗುರಾಣಿ, ಕುದುರೆ. ಸತ್ತವನ ಮುಖ ಕಾಣುತ್ತದೆ. ಕೊಂದವನೂ ಅವನೆದುರಿಗೇ ನಿಂತಿರುತ್ತಾನೆ. ಇಬ್ಬರ ನಡುವೆ ಇರುವುದು ಒಂದು ಕತ್ತಿಯ ಅಂತರ.

ಮದ್ದುಗುಂಡು ಬಂದ ಮೇಲೆ ಈ ಅಂತರ ಬೆಳೆಯಿತು. 1520ರಲ್ಲಿ ಕೃಷ್ಣದೇವರಾಯನು ರಾಯಚೂರ ಕೋಟೆಯನ್ನು ಮುತ್ತಿದಾಗ ಕ್ರಿಸ್ತೋವಾಂ ದ ಫಿಗೆರೆದೊ ಎಂಬವನ ಜೊತೆಗಿದ್ದ ಪೋರ್ತುಗೀಜರು ಕೋಟೆಯ ಗೋಡೆಯ ಮೇಲೆ ತಲೆ ತೋರಿದವರನ್ನು ಕೈಕೋವಿಗಳಿಂದ ಉರುಳಿಸಿದರೆಂದು ನೂನಿಜ್ ಬರೆದಿದ್ದಾನೆ. ಯಾರು ಹೊಡೆದರೆಂದು ಸತ್ತವನಿಗೆ ತಿಳಿಯದಂತಹ ಸಾವು ಅದು. ಅಲ್ಲಿಂದ ಸುಮಾರು ಅರ್ಧ ಶತಮಾನ ಕಳೆದ ಮೇಲೆ, ಆದಿಲಶಾಹಿಯ ಸೈನ್ಯ ಶಿಗ್ಗಾಂವಿಯ ನೆರೆಯ ಬಂಕಾಪುರವನ್ನು ಮುತ್ತಿ, ಬಹುಕಾಲ ಕಾದು, 1570ರ ದಶಕದಲ್ಲಿ ಅದನ್ನು ವಶಪಡಿಸಿಕೊಂಡಿತು. ಅದೇ ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ದಂಡನಾಯಕನೊಬ್ಬನು ಆಯುಧವನ್ನು ಕೆಳಗಿಟ್ಟು ಕನಕದಾಸನಾದ ಕಥೆಯನ್ನು ನಾವೆಲ್ಲ ಬಲ್ಲೆವು. ಆಯುಧ ಕೆಳಗಿಟ್ಟವನ ಹಾಡು ಉಳಿಯಿತು. ಕೆಳಗಿಡದವರ ಆಯುಧಗಳು ಎಲ್ಲಿ ಹೋದವು ಎಂಬುದೇ ಪ್ರಶ್ನೆ.

ಬಂಕಾಪುರದ ಸೀಮೆ ಮುಂದೆ ಮಿಯಾನ ಪಠಾಣ ಮನೆತನದ ಕೈಗೆ ಬಂದು, ಅಬ್ದುಲ್ ರವೂಫಖಾನನ ಕಾಲಕ್ಕೆ ಸವಣೂರು ಅದರ ರಾಜಧಾನಿಯಾಯಿತು. ಹದಿನೆಂಟನೆಯ ಶತಮಾನದಲ್ಲಿ ಈ ಚಿಕ್ಕ ರಾಜ್ಯವು ಪುಣೆ, ಹೈದರಾಬಾದು, ಶ್ರೀರಂಗಪಟ್ಟಣಗಳೆಂಬ ಮೂರು ಬೀಸುಕಲ್ಲುಗಳ ನಡುವಿನ ಕಾಳಾಗಿತ್ತು. 1756ರ ಮುತ್ತಿಗೆಯನ್ನೇ ನೋಡಿರಿ. ಪೇಶ್ವೆಯ ಚಾಕರಿಯನ್ನು ಬಿಟ್ಟುಬಂದ ಮುಜಫ್ಫರಖಾನನೆಂಬ ಗಾರ್ದಿ ಸರದಾರನಿಗೆ ಸವಣೂರ ನವಾಬನು ಆಶ್ರಯ ಕೊಟ್ಟನು. ಗಾರ್ದಿಗಳೆಂದರೆ ಯುರೋಪಿನ ಪದ್ಧತಿಯಲ್ಲಿ ಸಾಲಾಗಿ ನಿಂತು ಏಕಕಾಲಕ್ಕೆ ಗುಂಡು ಹಾರಿಸುವ ತರಬೇತಿ ಪಡೆದ ಕಾಲಾಳುಗಳು. ಅಂಥ ಸರದಾರನೊಬ್ಬನಿಗಾಗಿ ಪೇಶ್ವೆ ಬಾಳಾಜಿ ಬಾಜೀರಾಯನೂ ನಿಜಾಮ ಸಲಾಬತಜಂಗನೂ ಕೂಡಿ ಸವಣೂರನ್ನು ಮುತ್ತಿದರು. ಫ್ರೆಂಚ್ ಸೇನಾನಿ ಬುಸ್ಸಿಯ ತೋಪುಗಳು ಅವರ ಬೆನ್ನಿಗಿದ್ದವು. ನವಾಬನು ತನ್ನ ಸೀಮೆಯ ದೊಡ್ಡ ಪಾಲನ್ನು ಬಿಟ್ಟುಕೊಟ್ಟು ಉಳಿದುಕೊಳ್ಳಬೇಕಾಯಿತು. ಕೋವಿಯನ್ನು ಹಿಡಿದ ಕೈಗಿಂತ ಹಿಡಿಯಲು ಕಲಿಸಬಲ್ಲ ತಲೆಗೆ ಎಷ್ಟು ಬೆಲೆಯಿತ್ತೆಂಬುದಕ್ಕೆ ಈ ಘಟನೆ ಸಾಕ್ಷಿಯಾಗಿದೆ.

ಆಮೇಲೆಯೂ ಈ ನೆಲಕ್ಕೆ ವಿಶ್ರಾಂತಿಯಿರಲಿಲ್ಲ. 1764ರಲ್ಲಿ, ಹಿಂದೆ ಕೋಡ ತಾಲೂಕೆಂದು ಕರೆಸಿಕೊಳ್ಳುತ್ತಿದ್ದ ಹಿರೇಕೆರೂರ ಸೀಮೆಯ ರಟ್ಟಿಹಳ್ಳಿಯಲ್ಲಿ ಪೇಶ್ವೆ ಮಾಧವರಾಯನ ಸೈನ್ಯದಿಂದ ಹೈದರಾಲಿಗೆ ಸೋಲುಂಟಾಯಿತು. 1786ರಲ್ಲಿ ಟೀಪೂಸುಲ್ತಾನನು ಇರುಳಿನ ದಾಳಿ ನಡೆಸಿ, ಮರಾಠ ಮತ್ತು ನಿಜಾಮರ ಕೂಡುಸೈನ್ಯವನ್ನು ಹಿಮ್ಮೆಟ್ಟಿಸಿ ಸವಣೂರನ್ನು ಹಿಡಿದನು. ಅಲ್ಲಿಯ ನವಾಬ ಅಬ್ದುಲ್ ಹಕೀಮಖಾನನು ಟೀಪೂವಿನ ಮನೆತನದ ಬೀಗನೇ ಆಗಿದ್ದರೂ ಊರು ಬಿಟ್ಟು ಓಡಬೇಕಾಯಿತು. 1800ರ ಜುಲೈ ತಿಂಗಳಲ್ಲಿ ಧೋಂಡಿಯ ವಾಘನ ಬೆನ್ನಟ್ಟಿ ಬಂದ ಆರ್ಥರ್ ವೆಲ್ಲೆಸ್ಲಿ ಇದೇ ಸವಣೂರ ಬಳಿ ಬೀಡುಬಿಟ್ಟನು. ಅರ್ಧ ಶತಮಾನದೊಳಗೆ ಇಷ್ಟು ಸೈನ್ಯಗಳು ಹಾದುಹೋದ ಸೀಮೆಯಲ್ಲಿ ಮನೆಮನೆಗೊಂದು ತುಬಾಕಿ ಇದ್ದಿದ್ದರೂ ಆಶ್ಚರ್ಯವಿಲ್ಲ. ಕಿಲ್ಲೇದಾರ, ಶಿಲೇದಾರ, ಬಾರಗೀರ, ಜಮಾದಾರ, ತೋಪು ಹಾರಿಸುವ ಗೋಲಂದಾಜ ಎಂಬ ಅಡ್ಡಹೆಸರುಗಳು ಉತ್ತರ ಕರ್ನಾಟಕದಲ್ಲಿ ಇಂದಿಗೂ ಬಳಕೆಯಲ್ಲಿವೆ. ಆಯುಧ ಹೋಯಿತು, ಅದನ್ನು ಹಿಡಿದವನ ಹುದ್ದೆ ಶಾಲೆಯ ಹಾಜರಿಪುಸ್ತಕದಲ್ಲಿ ಉಳಿಯಿತು.

ಈ ಕೋವಿಗಳ ಜಾತಿಯನ್ನು ಗುರುತಿಸುವುದು ಕಷ್ಟವಲ್ಲ. ಮೊದಲಿನದು ಬತ್ತಿಯ ಕೋವಿ. ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಹಾಕಿ, ಗಜದಿಂದ ಗಿಡಿಯಬೇಕು. ಜಾಮಗಿಯೆಂಬ ಹೊಗೆಯಾಡುವ ಹಗ್ಗದ ಕಿಡಿಯನ್ನು ಪಕ್ಕದ ಸಣ್ಣ ರಂಧ್ರದ ಬಳಿಯ ಮದ್ದಿಗೆ ತಾಗಿಸಬೇಕು. ಮಳೆ ಬಂದರೆ ಜಾಮಗಿ ಆರಿತು, ಯುದ್ಧವೂ ನಿಂತಿತು. ಎರಡನೆಯದು ಚಕಮಕಿಯ ಕೋವಿ. ಕುದುರೆಯ ಬಾಯಲ್ಲಿ ಕಚ್ಚಿಸಿದ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುಗಾಲಕ್ಕೆ ಕೇಪಿನ ಕೋವಿ ಬಂದಿತು. ಪೆಟ್ಟು ಬಿದ್ದೊಡನೆ ಸಿಡಿಯುವ ತಾಮ್ರದ ಸಣ್ಣ ಟೋಪಿಯೇ ಕೇಪು. ಕೊನೆಗೆ ಮದ್ದು, ಗುಂಡು, ಕೇಪು ಮೂರನ್ನೂ ಒಂದೇ ಕೊಳವೆಯಲ್ಲಿ ತುಂಬಿ ಹಿಂದಿನಿಂದ ಹಾಕುವ ತೋಟಾ ಕೋವಿ. ಒಂದೇ ನಳಿಗೆ ಬತ್ತಿಯಿಂದ ಚಕಮಕಿಗೆ, ಚಕಮಕಿಯಿಂದ ಕೇಪಿಗೆ ಮಾರ್ಪಾಡು ಹೊಂದಿರುವುದೂ ಉಂಟು. ಅಜ್ಜನ ಕೋಟನ್ನು ಮೊಮ್ಮಗನ ಮೈಗೆ ಹೊಲಿಸಿದಂತೆ ಅದು. ತಿಳಿದವನ ಕಣ್ಣಿಗೆ ಅಂಥ ಕೋವಿಯ ಒಂದೊಂದು ಹೊಲಿಗೆಯೂ ಒಂದೊಂದು ತಲೆಮಾರು.

ಸಂಗ್ರಾಹಕರು ಬೆಲೆ ಕಟ್ಟುವುದು ಇಂತಹ ಗುರುತುಗಳಿಗೆ. ಟೀಪೂವಿನ ಕಾರಖಾನೆಗಳಲ್ಲಿ ತಯಾರಾದ ಕೋವಿಗಳ ಮೇಲೆ ಊರಿನ ಹೆಸರೂ ಅವನೇ ಜಾರಿಗೆ ತಂದ ಮೌಲೂದಿ ಶಕೆಯ ವರ್ಷವೂ ಇರುತ್ತವೆ; ಹುಲಿಯ ಪಟ್ಟೆಯ ಚಿತ್ತಾರವಂತೂ ಅವನ ಸೊತ್ತಿನ ಮುದ್ರೆಯೇ ಸರಿ. ಇವುಗಳನ್ನೇ ಜೀವನಪರ್ಯಂತ ಅಭ್ಯಾಸ ಮಾಡಿದ ರಾಬಿನ್ ವಿಗಿಂಗ್ಟನ್ ಎಂಬ ಇಂಗ್ಲಿಷ್ ಸಂಗ್ರಾಹಕನು ಅವುಗಳ ಮೇಲೆ ಒಂದು ದೊಡ್ಡ ಗ್ರಂಥವನ್ನೇ ಬರೆದನು. ಅವನ ಸಂಗ್ರಹದ 30 ವಸ್ತುಗಳು 2015ರ ಏಪ್ರಿಲಿನಲ್ಲಿ ಲಂಡನ್ನಿನ ಹರಾಜಿನಲ್ಲಿ ಒಟ್ಟು 60 ಲಕ್ಷ ಪೌಂಡಿನಷ್ಟು ಬೆಲೆಗೆ ಹೋದವು. ಆ ಗ್ರಂಥದಿಂದ ನಮ್ಮ ಕುಶಲಕರ್ಮಿಗಳ ಕೆಲಸದ ಬಗೆಗೆ ನಾವು ತಿಳಿದುದು ಸ್ವಲ್ಪವಲ್ಲ. ಅದಕ್ಕಾಗಿ ಅವನಿಗೆ ಋಣಿಗಳಾಗಿರಬೇಕು. ಆದರೆ ಹರಾಜಿನ ಯಾದಿಯಲ್ಲಿ ಕೋವಿಯ ಉದ್ದ, ಬೆಳ್ಳಿಯ ಕೆಲಸ, ವರ್ಷ, ಕಾರಖಾನೆ, ಅದನ್ನು ಕೊಂಡೊಯ್ದ ಅಧಿಕಾರಿಯ ಹೆಸರು ಇರುತ್ತವೆ. ಅದು ಯಾರ ಕೈಯಿಂದ ಜಾರಿತು, ಯಾರ ಎದೆಗೆ ತಾಗಿತು ಎಂಬುದಕ್ಕೆ ಅಲ್ಲಿ ಅಂಕಣವಿಲ್ಲ.

ಹಾಗಾದರೆ ಇಷ್ಟು ಯುದ್ಧ ಕಂಡ ಈ ನಾಲ್ಕು ತಾಲೂಕುಗಳಲ್ಲಿ ಹಳೆಯ ಕೋವಿ ಏಕೆ ಇಷ್ಟು ವಿರಳ? ತುಕ್ಕು, ಗೆದ್ದಲು, ಗುಜರಿ ಇವು ತಮ್ಮ ಪಾಲನ್ನು ತೆಗೆದುಕೊಂಡಿವೆ ನಿಜ. ಆದರೆ ಮುಖ್ಯ ಕಾರಣ ಇನ್ನೊಂದು. ಇಂಗ್ಲಿಷಿನಲ್ಲಿ ಹವ್ಯಾಸಕ್ಕಾಗಿ ವಸ್ತು ಕೂಡಿಸುವವನಿಗೂ ಜಿಲ್ಲೆಯ ಅಧಿಕಾರಿಗೂ ಒಂದೇ ಹೆಸರು: ಕಲೆಕ್ಟರ್. ಕಂದಾಯ ಕೂಡಿಸುವವನೆಂದು ಅವನಿಗೆ ಆ ಹೆಸರು ಬಂದಿತು. 1857ರ ಸೆಪ್ಟೆಂಬರದಲ್ಲಿ ಆಯುಧಗಳ ಕಾಯಿದೆ ಹೊರಟ ಮೇಲೆ ನಮ್ಮ ಕಡೆ ಅವನ ಕಚೇರಿ ಹತಾರ ಕೂಡಿಸುವ ಕಚೇರಿಯೂ ಆಯಿತು. ನಮ್ಮ ಸೀಮೆಯ ಕೋವಿಗಳ ಅತಿ ದೊಡ್ಡ ಸಂಗ್ರಾಹಕನೆಂದರೆ ಆ ಕಾಯಿದೆಯೇ.

ಹತಾರ ಎಂಬ ಮಾತನ್ನು ಗಮನಿಸಿರಿ. ನಮ್ಮ ಕಡೆ ಸೈನಿಕನ ಆಯುಧವೂ ಹತಾರವೇ, ಬಡಿಗ ಕಮ್ಮಾರರ ಸಲಕರಣೆಯೂ ಹತಾರವೇ. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಅದು ಎರಡೂ ಆಗಿತ್ತು. ಅದು ಅವರ ಬೇಟೆ, ಅವರ ಚಾಕರಿ, ಅವರ ಮಾನ. ಹತಾರ ಒಪ್ಪಿಸಿರೆಂಬ ಹುಕುಮನ್ನು ಅವರು ಒಪ್ಪಲಿಲ್ಲ. 1857ರ ನವೆಂಬರದ ಕೊನೆಗೆ ಕುದುರೆಯ ದಂಡು ಊರನ್ನು ಸುತ್ತುವರಿದು ಬೆಂಕಿ ಇಟ್ಟಿತು. ಸೆರೆಸಿಕ್ಕವರು ಸುಮಾರು 290 ಮಂದಿ; ಡಿಸೆಂಬರದಲ್ಲಿ 19 ಜನರನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಆ ಪ್ರಸಂಗವನ್ನು ಹಾಡಿದ ಲಾವಣಿಯನ್ನು ಮುಂದೆ ಫ್ಲೀಟನು ಸಂಗ್ರಹಿಸಿ ಅಚ್ಚು ಮಾಡಿಸಿದನು. ಇಂದು ನಮ್ಮ ಮಕ್ಕಳು ಅದನ್ನು ಶಾಲೆಯಲ್ಲಿ ಓದುತ್ತಾರೆ. ಆ ಲಾವಣಿಕಾರನ ಔಚಿತ್ಯವನ್ನು ನೋಡಿರಿ: ಅವನು ವೀರರ ಹೆಸರುಗಳನ್ನು ಹೇಳುವುದರ ಜೊತೆಗೆ, ಲೂಟಿಯಾಗಿ ಹೋದ ಅಡಿಗೆಮನೆಯ ಸಾಮಾನುಗಳ ಯಾದಿಯನ್ನೂ ಬಿಡದೆ ಕೊಡುತ್ತಾನೆ. ನಾನು ಬಲ್ಲಂತೆ ನಮ್ಮ ಭಾಷೆಯಲ್ಲಿ ಒಂದು ಹತಾರದ ಚರಿತ್ರೆಯನ್ನು ಇಷ್ಟು ಪೂರ್ಣವಾಗಿ ಬರೆದವನು ಮತ್ತೊಬ್ಬನಿಲ್ಲ. ಅವನ ಹಾಡಿನಲ್ಲಿ ಗುಂಡು ಹಾರಿಸಿದವನೂ ಇದ್ದಾನೆ, ಗುಂಡು ತಾಗಿದವನೂ ಇದ್ದಾನೆ, ಇಬ್ಬರ ಮನೆಯ ಒಲೆಯೂ ಇದೆ.

ಕಿಡಿ ಅಲ್ಲಿಗೆ ಆರಲಿಲ್ಲ. ಹಮ್ಮಿಗಿಯ ಕೆಂಚನಗೌಡನ ವಾಡೆಯಲ್ಲಿದ್ದ ಆಯುಧಗಳನ್ನು ಸರಕಾರದವರು ಜಪ್ತು ಮಾಡಿದುದೇ 1858ರ ಮೇ ತಿಂಗಳ ಮುಂಡರಗಿ ಭೀಮರಾಯನ ದಂಗೆಗೆ ಬತ್ತಿಯಿಟ್ಟಂತಾಯಿತು. ಜೂನ್ 1ರಂದು ಅವನು ಕೊಪ್ಪಳದ ಕೋಟೆಯಲ್ಲಿ ಮಡಿದನು. ನರಗುಂದದ ಬಾಬಾಸಾಹೇಬನಿಗೆ ದತ್ತಕದ ಹಕ್ಕನ್ನು ನಿರಾಕರಿಸಿದ ನೋವು ಒಂದಾದರೆ, ತೋಪುಗಳನ್ನು ಒಪ್ಪಿಸೆಂಬ ಅಪ್ಪಣೆಯ ಅವಮಾನ ಇನ್ನೊಂದು. ಮ್ಯಾನ್ಸನ್ ಎಂಬ ಅಧಿಕಾರಿಯ ಕೊಲೆಯಾದ ಮೇಲೆ ನರಗುಂದ ಬಿದ್ದಿತು. ಅದೇ ಜೂನಿನಲ್ಲಿ ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಈ ಸುದ್ದಿಗಳು ಕೇಳಿಬರುತ್ತಿದ್ದ ದಿನಗಳಲ್ಲಿ ಹಾನಗಲ್ಲ ಸೀಮೆಯ ರೈತನೊಬ್ಬನು ತನ್ನ ತುಬಾಕಿಯನ್ನು ಮಾಳಿಗೆಯ ತೊಲೆಯ ಸಂದಿಗೆ ಸೇರಿಸಿದ್ದರೆ ಅದರ ಅರ್ಥವನ್ನು ನಾವು ಊಹಿಸಬಹುದು. ಬಂಡಾಯದ ಧೈರ್ಯ ಅವನಿಗಿರಲಿಲ್ಲ. ಒಪ್ಪಿಸುವ ಮನಸ್ಸೂ ಇರಲಿಲ್ಲ. ನಮ್ಮಲ್ಲಿ ಬಹುಜನರ ಚರಿತ್ರೆ ಈ ಎರಡರ ನಡುವಿನ ತೊಲೆಯ ಸಂದಿಯಲ್ಲಿಯೇ ನಡೆದಿದೆ.

ಒಪ್ಪಿಸಿದ ಆಯುಧಕ್ಕೆ, ಬಿಟ್ಟುಹೋದ ಆಯುಧಕ್ಕೆ ಆಳುವವರು ಕಟ್ಟಿದ ಬೆಲೆ ಎಷ್ಟು? ವಿಜಾಪುರದ ಮಲಿಕ್-ಎ-ಮೈದಾನ್ ತೋಪಿನ ಕಥೆಯನ್ನು ಕೇಳಿರಿ. 1549ರಲ್ಲಿ ಅಹಮದನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎಂಬ ಎರಕದವನು ಪಂಚಲೋಹದಂತಹ ಮಿಶ್ರಧಾತುವಿನಲ್ಲಿ ಎರೆದ, ಸುಮಾರು 55 ಟನ್ ತೂಕದ ತೋಪು ಅದು. 1854ರಲ್ಲಿ, ಅಲ್ಲಲ್ಲಿ ಬಿದ್ದಿದ್ದ ನಿರುಪಯೋಗಿ ತೋಪುಗಳ ಜೊತೆಗೆ ಅದನ್ನೂ ಹರಾಜಿಗಿಟ್ಟರು. ಬಂದ ಸವಾಲು 150 ರೂಪಾಯಿ! ಸ್ಥಳೀಯ ಅಧಿಕಾರಿಗೆ ಅದು ತೀರ ಕಡಿಮೆಯೆನಿಸಿತು, ಜನರಿಗೆ ಆ ತೋಪಿನ ಮೇಲಿದ್ದ ಅಭಿಮಾನವನ್ನು ಮೇಲಿನವರಿಗೆ ತಿಳಿಸಿದನು, ಹರಾಜು ರದ್ದಾಯಿತು. ಆ ಒಬ್ಬ ಮನುಷ್ಯನ ಹಿಂಜರಿಕೆಯಿಂದಾಗಿ ತೋಪು ಇಂದಿಗೂ ವಿಜಾಪುರದ ಬುರುಜಿನ ಮೇಲೆಯೇ ಇದೆ. ಅದರ ಬಾಯಿಯನ್ನು ನೀವು ನೋಡಿರಬಹುದು. ಬಾಯ್ದೆರೆದ ಮೃಗದ ಹಲ್ಲುಗಳ ನಡುವೆ ಒಂದು ಆನೆ ನುಗ್ಗಾಗುತ್ತಿದೆ. ತನ್ನ ಕೆಲಸದ ಪರಿಣಾಮವೇನೆಂಬುದನ್ನು ರೂಮಿ ಮುಚ್ಚಿಡಲಿಲ್ಲ. ಆ ಕಡೆಯ ತುದಿಯಲ್ಲಿ ಸಾಯುವವನನ್ನೂ ಎರಕದಲ್ಲಿಯೇ ತೋರಿಸಿಬಿಟ್ಟನು.

ಎರಡನೆಯ ಕಥೆ ನಮ್ಮ ಕಾಲದ್ದೇ. ಹಿರೇಕೆರೂರಿನಿಂದ ದಕ್ಷಿಣಕ್ಕೆ ಹೋದರೆ ಶಿವಮೊಗ್ಗ ಜಿಲ್ಲೆ. ಅಲ್ಲಿ ಹೊಸನಗರ ತಾಲೂಕಿನಲ್ಲಿ ನಗರ, ಹಿಂದಿನ ಬಿದನೂರು. 2018ರ ಜುಲೈ ತಿಂಗಳಲ್ಲಿ ಅಲ್ಲಿಯ ಒಂದು ಪಾಳುಬಾವಿಯ ಹೂಳನ್ನು ಅಗೆದಾಗ ಟೀಪೂವಿನ ಕಾಲದ ಸಾವಿರಕ್ಕೂ ಮಿಕ್ಕ ಯುದ್ಧದ ಬಾಣಗಳು ಸಿಕ್ಕವು. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿದ, ಇಂದು ನಾವು ರಾಕೆಟ್ಟೆನ್ನುವ ಬಾಣಗಳು ಅವು. ಬಿಲ್ಲಿನಿಂದ ಹಾರುವ ಬಾಣದ ಹೆಸರೇ ಬೆಂಕಿಯಿಂದ ಹಾರುವ ಬಾಣಕ್ಕೂ ಬಂದು, ವೀರಗಲ್ಲಿನಿಂದ ಶ್ರೀರಂಗಪಟ್ಟಣದವರೆಗೆ ಒಂದೇ ಶಬ್ದ ನಡೆದುಬಂದಿತು. ಇಂತಹ ಬಾಣಗಳ ಪೆಟ್ಟನ್ನು ತಿಂದ ಇಂಗ್ಲಿಷರು ಅವನ್ನು ತಮ್ಮ ದೇಶಕ್ಕೆ ಒಯ್ದರು. ವಿಲಿಯಂ ಕಾಂಗ್ರೀವನು ಅವುಗಳ ಜಾಡು ಹಿಡಿದು ತನ್ನ ರಾಕೆಟ್ಟನ್ನು ರೂಪಿಸಿದನು. ಆದರೆ ನಗರದ ಬಾವಿಯ ಬಾಣಗಳ ಮಹತ್ತ್ವ ಬೇರೆ. ಅವು ಇದ್ದ ಜಾಗದಲ್ಲಿಯೇ, ರಾಶಿಯಾಗಿ, ಕೆಸರಿನ ಸಮೇತ ಪುರಾತತ್ವ ಇಲಾಖೆಯವರ ಕೈಗೆ ಸಿಕ್ಕವು. ಒಂದು ಬಾಣ ಹರಾಜಿನಲ್ಲಿ ಕಂಡರೆ ಅದು ಕುತೂಹಲದ ವಸ್ತು. ಸಾವಿರ ಬಾಣಗಳು ಒಂದೇ ಬಾವಿಯಲ್ಲಿ ಕಂಡರೆ ಅದು ಪ್ರಶ್ನೆ. ಯಾರು ತುಂಬಿಟ್ಟರು, ಯಾವ ಭಯಕ್ಕೆ? ಮತ್ತೆ ಹಾನಗಲ್ಲಿನ ತೊಲೆಯ ಸಂದಿಯ ಪ್ರಶ್ನೆಯೇ.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ತರುಣನಾಗಿದ್ದಾಗ ಪರಿಚಿತರೊಬ್ಬರು ಸವಣೂರ ಕಡೆಯದೆಂದು ಒಂದು ಬತ್ತಿಯ ಕೋವಿಯ ನಳಿಗೆಯನ್ನು ನನಗೆ ನೋಡಲು ಕೊಟ್ಟಿದ್ದರು. ತುಕ್ಕು ಹಿಡಿದು ಕೆಂಪಗಿತ್ತು. ಅದನ್ನು ಚೆನ್ನಾಗಿ ಕಾಣಿಸಬೇಕೆಂಬ ಉತ್ಸಾಹದಿಂದ ಹುಣಿಸೆಹುಳಿ ಹಚ್ಚಿ, ಉಪ್ಪುಕಾಗದದಿಂದ ಎರಡು ದಿನ ತಿಕ್ಕಿದೆ. ಬೆನ್ನಿನ ಪಟ್ಟಿಯ ಮೇಲೆ ಮೊದಲು ಕೈಗೆ ತಾಗುತ್ತಿದ್ದ ನಾಲ್ಕಾರು ಗೀರುಗಳು ಕೊನೆಗೆ ತಾಗದಾದವು. ಅವು ಅಕ್ಷರಗಳಾಗಿದ್ದವೆಂಬ ಅನುಮಾನ ನನಗೆ ಹುಟ್ಟುವ ಹೊತ್ತಿಗೆ ನಳಿಗೆ ಬೆಳ್ಳಿಯಂತೆ ಹೊಳೆಯುತ್ತಿತ್ತು. ಒಡೆಯರಿಗೆ ಸಂತೋಷವಾಯಿತು. ನಾನು ಇಂದಿಗೂ ಆ ಗೀರುಗಳ ಮೇಲೆ ಬೆರಳಾಡಿಸಿದ್ದನ್ನು ಮರೆತಿಲ್ಲ. ಒಬ್ಬ ಕಮ್ಮಾರನ ಹೆಸರೋ, ಒಂದು ಊರಿನ ಹೆಸರೋ, ಬರಿಯ ಅಂಕೆಯೋ, ಏನಾಗಿತ್ತೋ ಅದನ್ನು ಅಳಿಸಿದವನು ಪರಂಗಿಯವನಲ್ಲ, ಗೆದ್ದಲಲ್ಲ, ನಾನು.

ಆದುದರಿಂದ ಹಳೆಯ ಮನೆಗಳಲ್ಲಿ ಇಂತಹ ವಸ್ತು ಸಿಕ್ಕರೆ ದಯಮಾಡಿ ತಿಕ್ಕಬೇಡಿರಿ. ಬಾಯಿಂದ ತುಂಬುವ ಕೋವಿಯ ಹೊಟ್ಟೆಯಲ್ಲಿ ನೂರು ವರ್ಷಗಳ ಹಿಂದಿನ ಮದ್ದು ಇನ್ನೂ ಇರಬಹುದು. ಹಾರುವುದೋ ಎಂದು ಪರೀಕ್ಷಿಸಬೇಡಿರಿ, ಬೆಂಕಿಯ ಹತ್ತಿರ ಒಯ್ಯಬೇಡಿರಿ. 1959ರ ಆಯುಧಗಳ ಕಾಯಿದೆಯು ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧ ದುರಸ್ತಿ ಮಾಡಿದರೂ ಹಾರಿಸಲಾಗದಂತಿದ್ದರೆ ಅದನ್ನು ತನ್ನ ಹೊರಗಿಡುತ್ತದೆ. ಆದರೆ ಹಾರುವುದೋ ಹಾರದೋ ಎಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಠಾಣೆಗೂ ಪುರಾತತ್ವ ಇಲಾಖೆಗೂ ತಿಳಿಸುವುದು ಲೇಸು. ನೂರು ವರ್ಷ ಮೀರಿದ ವಸ್ತುವನ್ನು ಸರಕಾರದ ಅಪ್ಪಣೆಯಿಲ್ಲದೆ ದೇಶದ ಹೊರಗೆ ಕಳಿಸಬಾರದೆಂದು 1972ರ ಪುರಾವಸ್ತುಗಳ ಕಾಯಿದೆಯೂ ಇದೆ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಂತಹ ಕಡೆ ಇವುಗಳನ್ನು ಓದಬಲ್ಲವರಿದ್ದಾರೆ. ವಸ್ತು ಎಲ್ಲಿಯೇ ಇರಲಿ, ಅದರ ಜೊತೆಗೆ ಒಂದು ಹಾಳೆ ಇರಲಿ: ಯಾವ ಊರು, ಯಾವ ಮನೆ, ಎಲ್ಲಿ ಇಟ್ಟಿದ್ದರು, ಯಾರು ಹೇಳಿದರು.

ಆಯುಧವು ಮನೆಯಲ್ಲಿ ಮಾನದಿಂದ ಉಳಿಯಲು ಸಾಧ್ಯವೇ ಎಂದು ಕೇಳುವವರಿಗೆ ಕೊಡಗಿನ ಉದಾಹರಣೆಯಿದೆ. ಬ್ರಿಟಿಷರ ಕಾಲದಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಒಡೆಯರಿಗೂ ದೊರೆತ ಕೋವಿಯ ವಿನಾಯಿತಿಯನ್ನು ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷ, 2029ರವರೆಗೆ ಮುಂದುವರಿಸಿತು. ಅಲ್ಲಿ ಕೈಲ್‌ಪೊಳ್ದಿನ ದಿನ ಕೋವಿಗೆ ಹೂ ಮುಡಿಸಿ ಪೂಜಿಸುತ್ತಾರೆ; ಕೋವಿ ಯಾರ ಅಜ್ಜನದೆಂಬುದು ಮನೆಯ ಮಗುವಿಗೂ ಗೊತ್ತು. ನಮ್ಮ ಸೀಮೆಗೆ ಆ ವಿನಾಯಿತಿ ಬರಲಿಲ್ಲ. ಹಾನಗಲ್ಲ, ಹಿರೇಕೆರೂರ ಕಡೆ ಹಂದಿಯ ಕಾಟಕ್ಕೆಂದು ಬೆಳೆ ರಕ್ಷಣೆಯ ಪರವಾನಗಿ ಪಡೆದ ರೈತನು ಚುನಾವಣೆ ಬಂದಾಗಲೆಲ್ಲ ತನ್ನ ಕೋವಿಯನ್ನು ಬಟ್ಟೆಯಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ, ಚೀಟಿ ಪಡೆದು ಬರುತ್ತಾನೆ. ಚುನಾವಣೆ ಮುಗಿದ ಮೇಲೆ ಅದು ಮರಳಿ ಬರುತ್ತದೆ. 1857ರವನಿಗೂ ಇವನಿಗೂ ಇರುವ ದೊಡ್ಡ ವ್ಯತ್ಯಾಸವೆಂದರೆ ಆ ಚೀಟಿಯೇ.

ಮೊದಲು ಎತ್ತಿದ ಸಂಶಯಕ್ಕೆ ಈಗ ಮರಳಬಹುದು. ಕೋವಿಯನ್ನು ಅದರ ಬೆಳ್ಳಿಯ ಕೆಲಸಕ್ಕಾಗಿ ಮಾತ್ರ ಪ್ರೀತಿಸುವುದು ಅರ್ಧ ಪ್ರೀತಿ. ಅದು ಕೊಲ್ಲುವ ವಸ್ತುವೆಂದು ಮೋರಿಗೆ ಎಸೆಯುವುದು ಅರ್ಧ ವಿವೇಕ. ನಳಿಗೆಗೆ ಎರಡು ತುದಿಗಳಿವೆ. ಒಂದರಲ್ಲಿ ಹಿಡಿದವನು, ಮಾಡಿದವನು, ಅಪ್ಪಣೆ ಕೊಟ್ಟವನು ಇದ್ದಾರೆ. ಚರಿತ್ರೆ ಇವರ ಹೆಸರನ್ನು ಬಹುಮಟ್ಟಿಗೆ ಬರೆದಿಟ್ಟಿದೆ. ಇನ್ನೊಂದರಲ್ಲಿ ನಿಂತವನ ಹೆಸರನ್ನು ಕೂಡಿಡುವವನೇ ನಿಜವಾದ ಸಂಗ್ರಾಹಕ.

ಅಂದು ಆ ಹಳ್ಳಿಯ ಮನೆಯಿಂದ ಹೊರಡುವ ಮೊದಲು ಊದುಗೊಳವೆಯ ಅಳತೆ, ಅದರ ಕಟ್ಟಿನ ಚಿತ್ತಾರ, ಆ ತಾಯಿ ಹೇಳಿದ ಮಾತು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಅವರಿಗೆ ಓದಿ ತೋರಿಸಿದೆ. ಗಮನವಿಟ್ಟು ಕೇಳಿದರು.

“ಎಲ್ಲಾ ಬರೋಬ್ಬರಿ ಬರದೀರಿ,” ಎಂದರು. “ಒಂದು ಬಿಟ್ಟೀರಿ. ಅದರಿಂದ ಒಬ್ಬ ಮನಷ್ಯಾ ಸತ್ತಿದ್ನಂತ.”

“ಯಾರಂತ ಯವ್ವಾ?”

“ನಮ್ಮತ್ತಿಗೆ ಹೆಸರು ಗೊತ್ತಿತ್ತು. ಒಂದೆರಡು ಸಲ ಹೇಳಾಕೂ ಬಂದಿದ್ರು. ನನಗ ಆಗ ಕೆಲಸದ ಗಡಿಬಿಡಿ. ನಾ ಕೇಳಲಿಲ್ಲ.”

ಹಾಳೆಯ ಕೊನೆಗೆ ಒಂದು ಸಾಲಿನಷ್ಟು ಜಾಗ ಬಿಟ್ಟು ಮಡಿಚಿಟ್ಟುಕೊಂಡೆ. ಅದು ಇಂದಿಗೂ ಖಾಲಿಯಾಗಿಯೇ ಇದೆ.